ಬಂಪರಿಗೆ ಕಟ್ಟಿದ ಕೂದಲು

ಬೆಂಗಳೂರಿನ ಸಿಗ್ನಲ್ಲಿನಲ್ಲಿ ಕಾರು, ಲಾರಿಗಳ ಬಂಪರಿಗೆ ಸುತ್ತಿದ ಕಪ್ಪು ಹಗ್ಗವನ್ನು ಯಾರು ನೋಡಿಲ್ಲ? ಅದು ಮನುಷ್ಯರ ಕೂದಲು ಎಂದು ಗೊತ್ತಾಗಬೇಕಾದರೆ ಹತ್ತಿರ ಹೋಗಬೇಕು. ಹುರಿಯ ನಡುವಿನಿಂದ ಮೋಟುಗೂದಲು ಚಾಚಿಕೊಂಡಿರುತ್ತದೆ, ಧೂಳು ಕುಡಿದು ಬಣ್ಣಗೆಟ್ಟಿರುತ್ತದೆ. ಗಾಡಿಗೆ ದೃಷ್ಟಿ ತಾಗದಿರಲಿ, ದಾರಿಯಲ್ಲಿ ಏನೂ ಆಗದಿರಲಿ ಎಂದು ಕಟ್ಟಿದ್ದು. ಯಾರೋ ಹರಕೆ ಹೊತ್ತು ದೇವರಿಗೆ ಕೊಟ್ಟ ಮುಡಿ ಅದು. ನೀಳಗೂದಲು ವಿಗ್ಗಿನ ವ್ಯಾಪಾರಕ್ಕೆ ಹೋಗುತ್ತದೆ. ಬೆಲೆಯಿಲ್ಲದ ತುಂಡುಗೂದಲು ಹೀಗೆ ಹಗ್ಗವಾಗುತ್ತದೆ.

ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ, ಬೆಂಗಳೂರಿನಲ್ಲಿ ನೆಲೆಸಿರುವ ಕಲಾವಿದೆ ಶೀಲಾ ಗೌಡ ಈ ಹಗ್ಗವನ್ನೇ 2009ರ ವೆನಿಸ್ ಬಿನಾಲೆ ಕಲಾಪ್ರದರ್ಶನಕ್ಕೆ ಒಯ್ದರು. 'ಬಿಹೋಲ್ಡ್' ಎಂಬ ಆ ಕೃತಿಯಲ್ಲಿ ಸುಮಾರು 4,000 ಮೀಟರ್ ಕೂದಲ ಹಗ್ಗವಿದೆ, ಉಕ್ಕಿನ ಇಪ್ಪತ್ತು ಬಂಪರುಗಳಿವೆ. ಬೀದಿಯಲ್ಲಿ ಹಗ್ಗವನ್ನು ಹೊರುವುದು ಬಂಪರು. ಇಲ್ಲಿ ಬಂಪರನ್ನೇ ಹಗ್ಗ ಹೊತ್ತಿದೆ. ಇಷ್ಟೇ ಅದಲುಬದಲು. ಆದರೆ ಆ ಭಾರ ನೋಡುವವರ ಎದೆಯ ಮೇಲೆ ಕೂರುತ್ತದೆ. ನಮ್ಮ ಹರಕೆಯ ಗಂಧಗಾಳಿ ಇಲ್ಲದವರಿಗೆ ಇದು ಬರೀ ವಿಚಿತ್ರ ವಸ್ತುವಾಗಿ ಕಾಣಬಹುದೆಂಬ ಅಳುಕು ನನಗೂ ಇದೆ. ಆದರೂ ಕೂದಲಿಗೆ ಉಕ್ಕು ಜೋತುಬಿದ್ದದ್ದನ್ನು ಅರ್ಥಮಾಡಿಕೊಳ್ಳಲು ಯಾವ ಊರಿನ ಕಣ್ಣಾದರೂ ಸಾಕು. ಒಂದು ಮುಖವನ್ನೂ ಕೆತ್ತದೆ, ಒಂದು ಕೈಕಾಲನ್ನೂ ಬಿಡಿಸದೆ, ಸಾವಿರಾರು ಜನರ ಹೆದರಿಕೆ ಮತ್ತು ಮೊರೆಯನ್ನು ಒಂದು ಕೋಣೆಯಲ್ಲಿ ತಂದು ನಿಲ್ಲಿಸಿದ ಕೃತಿ ಇದು. ನೋವನ್ನು ತೋರಿಸಲು ನರಳುವ ಆಕೃತಿಗಳನ್ನೇ ಮತ್ತೆ ಮತ್ತೆ ಎರಕ ಹೊಯ್ಯುವ ಶಿಲ್ಪಗಳ ಮುಂದೆ ಇದರ ಸಂಯಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಅವರು ಮೊದಲು ಚಿತ್ರಕಲಾವಿದೆ. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಕಲಿತವರು. ತೊಂಬತ್ತರ ದಶಕದ ಆರಂಭದ ಕೋಮುಹಿಂಸೆಯ ದಿನಗಳಲ್ಲಿ ತೈಲವರ್ಣ ಸಾಲದೆನಿಸಿ ಸೆಗಣಿಗೆ ಕೈಹಾಕಿದರು. ಹೆಂಗಸರು ದಿನಾ ಅಂಗಳ ಸಾರಿಸುವ, ಬೆರಣಿ ತಟ್ಟುವ ಸೆಗಣಿ. ಪೂಜೆಗೂ ಒಲೆಗೂ ಒಂದೇ. ಅಲ್ಲಿಂದ ಮುಂದೆ ಅವರ ಕೃತಿಗಳಲ್ಲಿ ವಸ್ತುವೇ ಮಾತಾಡುತ್ತದೆ.

ಆದರೂ ಚಿತ್ರಗಾರ್ತಿಯ ಕೈ ಬಿಟ್ಟುಹೋಗಲಿಲ್ಲ. 1998ರ 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್' ನೋಡಿ: ಗೋಡೆಯಿಂದ ಇಳಿದು ನೆಲದ ಮೇಲೆ ಸುತ್ತಿ ಹರಿಯುವ ಕೆಂಪು ಹಗ್ಗ, ಗಾಳಿಯಲ್ಲಿ ಎಳೆದ ಗೆರೆಯ ಹಾಗೆ. ಹತ್ತಿರ ಬಂದರೆ ಅದು ಹೊಲಿಗೆ ದಾರ. ಒಂದೊಂದು ಎಳೆಗೂ ಒಂದೊಂದು ಸೂಜಿ ಪೋಣಿಸಿ, ದಾರವನ್ನು ಉದ್ದಕ್ಕೂ ಎಳೆದು, ಎಳೆಗಳನ್ನೆಲ್ಲ ಕೂಡಿಸಿ, ಅಂಟು ಬೆರೆಸಿದ ಕುಂಕುಮ ಸವರಿ ಕೈಯಲ್ಲೇ ಹಗ್ಗ ಮಾಡಿದ್ದಾರೆ. ಈ ದುಡಿಮೆಗೆ ಕೊಟ್ಟ ಹೆಸರು ಮಾತ್ರ ನನಗೆ ಒಪ್ಪಿಗೆಯಿಲ್ಲ. 'ನನ್ನ ನೋವನ್ನು ಅವನಿಗೆ ಹೇಳು' ಎಂದುಬಿಟ್ಟರೆ ಕೃತಿ ಒಬ್ಬಳ ಅಳಲಿಗೆ ಕುಗ್ಗುತ್ತದೆ. ನೋವೆಂದು ಹೇಳುವ ಅಗತ್ಯವೇ ಅಲ್ಲಿಲ್ಲ. ಹಗ್ಗದ ತುದಿಯಲ್ಲಿ ಆ ಸೂಜಿಗಳೆಲ್ಲ ಗೊಂಚಲಾಗಿ ಇನ್ನೂ ತೂಗುತ್ತಿವೆ, ಒಂದನ್ನೂ ಕತ್ತರಿಸಿ ತೆಗೆದಿಲ್ಲ.