ಯಾರ ಪೈಕಿ ಡಾಕ್ಟ್ರೆ?

ಕವಿತೆ ಬರೆಯೋನಿಗೆ ಡಾಕ್ಟರಿಕೆ ಪಠ್ಯದ ಉಸಾಬರಿ ಯಾಕೆ ಎಂದು ಗೆಳೆಯರು ಕೇಳಬಹುದು. ನಾನು ವಿಮರ್ಶೆಗೆ ಎತ್ತಿಕೊಂಡಿರುವುದೂ ಒಂದು ಪುಸ್ತಕವನ್ನೇ. ಭಾರತೀಯ ವೈದ್ಯಕೀಯ ಪರಿಷತ್ತು 2018ರಲ್ಲಿ ಹೊರತಂದ ‘ಎಟ್‌ಕಾಮ್’. 2019ರಲ್ಲಿ ಎಂ.ಬಿ.ಬಿ.ಎಸ್. ಸೇರಿದವರಿಂದ ಹಿಡಿದು ಎಲ್ಲರೂ ಓದಬೇಕಾದ, ನಡತೆ, ನೀತಿ, ಮಾತುಕತೆಗಳ ಪಾಠ.

ಡಾಕ್ಟರಾಗುವುದೆಂದರೇನು, ರೋಗಿಯಾಗುವುದೆಂದರೇನು ಎಂದು ಮೊದಲ ವರ್ಷದ ಪಾಠಗಳು ಶುರುವಾಗುತ್ತವೆ. ಹೆಣವನ್ನು ಮೊದಲ ಗುರುವೆಂದು ಕಾಣಬೇಕೆನ್ನುವ ಪಾಠವೂ ಉಂಟು. ಒಳ್ಳೆಯದೇ. ಚೀಟಿ ಹಿಡಿದು ನಿಂತ ನಮ್ಮವ್ವಂದಿರನ್ನು ‘ಏಯ್’ ಎನ್ನದ ಡಾಕ್ಟರು ಬರಲಿ ಎಂದು ಬಯಸುವವನೇ ನಾನು. ಆದರೆ ಪಾಠಗಳ ತಲೆಬರಹಗಳಲ್ಲಿ ಎಲ್ಲಿ ಹುಡುಕಿದರೂ ಜಾತಿ ಎಂಬ ಪದವಿಲ್ಲ. ಈ ಪುಸ್ತಕದ ಡಾಕ್ಟರಿಗೆ ಊರಿಲ್ಲ, ಕೇರಿಯಿಲ್ಲ.

ಹೌಸ್ ಸರ್ಜನ್ ಆಗಿದ್ದ ನನ್ನ ಗೆಳೆಯನಿಗೆ ಕೇರಿಯಿತ್ತು. ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತಿದ್ದ ಮುದುಕಿಯೊಬ್ಬಳಿಗೆ ದಿನಾ ಅವನೇ ಕೀವು ತೊಳೆದು ಬ್ಯಾಂಡೇಜು ಕಟ್ಟುತ್ತಿದ್ದ. ನಾಲ್ಕನೇ ದಿನ ಆಕೆ, ‘ಯಾರ ಪೈಕಿ ಕಣಪ್ಪ ನೀವು?’ ಅಂದಳು. ಹೇಳಿದ. ಆಕೆ ಬೈಯಲಿಲ್ಲ. ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡು, ‘ದೊಡ್ಡ ಡಾಕ್ಟ್ರು ಬರಾಕಿಲ್ವಾ?’ ಅಂದಳು. 1989ರ ದೌರ್ಜನ್ಯ ತಡೆ ಕಾಯ್ದೆ ಬೈಗುಳವನ್ನು ಹಿಡಿದೀತು, ಹಿಂದಕ್ಕೆಳೆದ ಕಾಲನ್ನು ಹೇಗೆ ಹಿಡಿಯುತ್ತದೆ?

ದೊಡ್ಡ ಡಾಕ್ಟರು ಬಂದರು. ‘ಹೋಗ್ಲಿ ಬಿಡಪ್ಪ, ವಯಸ್ಸಾದೋಳು. ನೀನು ಆ ಕಡೆ ವಾರ್ಡು ನೋಡ್ಕೋ’ ಅಂದರು. ಗೆಳೆಯನಿಗೆ ಇವತ್ತಿಗೂ ಮರೆಯಲಾಗದ್ದು ಮುದುಕಿಯ ಮಾತಲ್ಲ, ಈ ‘ಹೋಗ್ಲಿ ಬಿಡಪ್ಪ’.

ಇಂಥ ಸಣ್ಣ ಇರಿತಗಳಿಗೆ ಮೈಕ್ರೋಅಗ್ರೆಶನ್ ಎಂದು 1970ರಲ್ಲಿ ಹೆಸರಿಟ್ಟವರು ಅಮೆರಿಕದ ಕಪ್ಪು ಮನೋವೈದ್ಯ ಚೆಸ್ಟರ್ ಪಿಯರ್ಸ್. ಅಲ್ಲಿನ ಯೇಲ್ ವಿಶ್ವವಿದ್ಯಾಲಯದ ಮನೋವೈದ್ಯರು 2019ರಲ್ಲಿ ‘ಇರೇಸ್’ ಎಂಬ ತರಬೇತಿಯನ್ನು ಪ್ರಕಟಿಸಿದರು. ರೋಗಿ ಹೀಗೆ ನಡೆದುಕೊಂಡಾನು ಎಂದು ಮೊದಲೇ ತಿಳಿದಿರಿ, ನಡೆದಾಗ ಗುರುತಿಸಿ, ಅಲ್ಲೇ ಮಾತಾಡಿ, ನೊಂದ ಕಿರಿಯರ ಜೊತೆ ನಿಲ್ಲಿ ಎನ್ನುತ್ತದೆ ಅದು. ನನಗೆ ಮುಖ್ಯವಾಗಿ ಕಂಡದ್ದು, ಈ ತರಬೇತಿ ಕಿರಿಯರಿಗಲ್ಲ, ಅವರಿಗೆ ಕಲಿಸುವ ಹಿರಿಯರಿಗೆ ಎಂಬುದು.

ಹಾಗೆಂದು ಅದನ್ನು ಇದ್ದಹಾಗೇ ಎತ್ತಿ ತಂದರೆ ನಡೆಯುವುದಿಲ್ಲ. ಅಲ್ಲಿ ಬಣ್ಣ ಕಂಡಕೂಡಲೇ ಗೊತ್ತು. ಇಲ್ಲಿ ಕೇಳಿಯೇ ತಿಳಿಯಬೇಕು. ಆ ಕೇಳುವ ಮಾತು ವಿಶ್ವಾಸದ ಮಾತಿನಂತೆಯೇ ಇರುತ್ತದೆ: ಯಾವೂರು, ಅಪ್ಪ ಏನು ಮಾಡ್ತಾರೆ. (ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಬಾಡಿಗೆ ರೂಮು ಹುಡುಕುವಾಗ ಈ ವಿಶ್ವಾಸವನ್ನು ಬೇಕಾದಷ್ಟು ಉಂಡಿದ್ದೇನೆ.) ಅಷ್ಟೇ ಅಲ್ಲ, ಜೊತೆ ನಿಲ್ಲಬೇಕಾದ ಹಿರಿಯರು ಯಾರು? ಆದಿವಾಸಿ ವೈದ್ಯೆ ಪಾಯಲ್ ತಡ್ವಿ 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಪ್ರಾಣ ಕಳೆದುಕೊಂಡಾಗ, ಜಾತಿ ಎತ್ತಿ ಹಿಂಸಿಸಿದರೆಂಬ ಆರೋಪ ಬಂದದ್ದು ರೋಗಿಗಳ ಮೇಲಲ್ಲ, ಹಿರಿಯ ವೈದ್ಯೆಯರ ಮೇಲೆ.

ಇನ್ನೊಂದು ಭಯವೂ ನನಗಿದೆ. ಇಂಥ ಪಾಠ ಬಂದರೆ, ಅದನ್ನೇ ದೊಣ್ಣೆ ಮಾಡಿಕೊಂಡು ಬಡರೋಗಿಯನ್ನು ಗದರಿ ಹೊರಗಟ್ಟುವವರು ಹುಟ್ಟಿಯಾರು. ಆ ಮುದುಕಿಯೂ ಕೂಲಿಯವಳೇ, ಬೇರೆ ಆಸ್ಪತ್ರೆಗೆ ಹೋಗಲು ಅವಳ ಸೆರಗಿನಲ್ಲಿ ಕಾಸಿರಲಿಲ್ಲ. ಅವಳ ಕಾಲೂ ಉಳಿಯಬೇಕು, ನನ್ನ ಗೆಳೆಯನೂ ಆ ವಾರ್ಡಿನಲ್ಲೇ ಉಳಿಯಬೇಕು. ದೊಡ್ಡ ಡಾಕ್ಟರು ಮಂಚದ ಪಕ್ಕ ನಿಂತು ಇಷ್ಟು ಅಂದಿದ್ದರೆ ಸಾಕಿತ್ತು: ‘ಅವ್ವಾ, ನಿನ್ನ ಕಾಲು ಉಳಿಸ್ತಿರೋರು ಈ ಡಾಕ್ಟ್ರೇ. ಇವತ್ತೂ ಇವರೇ ಕಟ್ತಾರೆ, ನಾಳೆನೂ ಇವರೇ. ಕಾಲು ನೀಡು.’