ಕಸೂತಿಯ ಒಳಮೈ

ಕಳೆದ ನವರಾತ್ರಿಯಲ್ಲಿ ನಮ್ಮ ಸೊಸೆಯು ಧಾರವಾಡದ ತವರಿನಿಂದ ಉಡುಪಿಗೆ ಮರಳುವಾಗ ಎರಡು ಸೀರೆಗಳನ್ನು ತಂದಳು. ಒಂದು, ಅವಳ ಅಜ್ಜಿ ತನ್ನ ಕೈಯಿಂದ ಕಸೂತಿ ಹಾಕಿದ ಇಳಕಲ್ಲಿನ ಚಂದ್ರಕಾಳಿ. ಇನ್ನೊಂದು, ಅವೇ ಚಿತ್ತಾರಗಳನ್ನು ಅಚ್ಚೊತ್ತಿದ ಅಂಗಡಿಯ ಸೀರೆ. ರೇಖೆಗಳು ಅಚ್ಚುಕಟ್ಟಾಗಿದ್ದುದರಿಂದ ನಾನು ಎರಡನೆಯದನ್ನೇ ಮೆಚ್ಚಿದೆನು. ಅವಳು ಮರುನುಡಿಯದೆ ಎರಡರ ಸೆರಗನ್ನೂ ಮಗುಚಿದಳು. ಅಚ್ಚಿನ ಸೀರೆಯ ಒಳಮೈ ಮಂಕಾಗಿದ್ದಿತು. ಅಜ್ಜಿಯ ಸೀರೆಯ ಗೋಪುರವು ಒಳಮೈಯಲ್ಲಿಯೂ ಗೋಪುರವೇ ಆಗಿದ್ದಿತು. ಅರುವತ್ತು ದಾಟಿದ ಮೇಲೆಯೂ ಪಾಠ ಹೇಳಿಸಿಕೊಳ್ಳುವುದು ತಪ್ಪಲಿಲ್ಲ.

ಕಸೂತಿಯ ಹೊಲಿಗೆಗಳು ನಾಲ್ಕು: ಗಾವಂತಿ, ಮುರಗಿ, ನೇಗಿ, ಮೆಂತಿ. ಮೊದಲೆರಡರಲ್ಲಿ ಸೂಜಿಯು ಹೋಗುವಾಗ ಎಡೆಬಿಟ್ಟು ಸಾಗಿ, ಬರುವಾಗ ಬಿಟ್ಟ ಎಡೆಗಳನ್ನು ತುಂಬುವುದರಿಂದ ಎರಡು ಮೈಗಳೂ ಒಂದೇ ಆಗುತ್ತವೆ. ಉಳಿದೆರಡಕ್ಕೆ ಈ ಗುಣವಿಲ್ಲವೆಂಬುದನ್ನು ಒಪ್ಪತಕ್ಕದ್ದೇ. ಗಂಟು ನಿಷಿದ್ಧ, ಮೊದಲೇ ಬರೆದ ಗೆರೆಯೂ ಇಲ್ಲ, ಎಳೆಗಳನ್ನೆಣಿಸಿಯೇ ತೇರು, ಪಲ್ಲಕ್ಕಿ, ತುಳಸಿಕಟ್ಟೆ, ಆನೆ, ನವಿಲುಗಳನ್ನು ಮೂಡಿಸಬೇಕು.

ಈ ತೇರು ನಮ್ಮ ರಥಬೀದಿಯ ತೇರಿನಂತೆ ಗುಂಡಾಗಿಲ್ಲ, ನವಿಲಿನ ಕೊರಳು ಮೆಟ್ಟಿಲುಮೆಟ್ಟಿಲಾಗಿದೆ ಎಂದು ಮಿತ್ರರೊಬ್ಬರು ಆಕ್ಷೇಪಿಸಿದರು. ಅನುಷ್ಟುಪ್ಪಿನ ಪಾದಕ್ಕೆ ಎಂಟೇ ಅಕ್ಷರವೆಂದು ಕವಿಯನ್ನು ಯಾರಾದರೂ ದೂರುವರೇ? ಹಾಸುಹೊಕ್ಕುಗಳೇ ಇಲ್ಲಿಯ ಛಂದಸ್ಸು. ಆ ಕಟ್ಟಿನೊಳಗೆ ನವಿಲು ನವಿಲೆಂದು ತಿಳಿದರೆ ಸಾಲದೇ?

ಬಳುಕುವ ರೇಖೆಯನ್ನು ಬಯಸುವವರು ಜಾವಾ ದ್ವೀಪದ ಬಾಟಿಕ್ಕನ್ನು ನೋಡಬೇಕು. ಅಲ್ಲಿ ಚಾಂಟಿಂಗ್ ಎಂಬ ತಾಮ್ರದ ಪುಟ್ಟ ಕೊಳವೆಯಿಂದ ಕರಗಿದ ಮೇಣವನ್ನು ಬಟ್ಟೆಯ ಮೇಲೆ ಹರಿಯಿಸಿ ಚಿತ್ರ ಬರೆದು, ಬಣ್ಣದಲ್ಲಿ ಅದ್ದುತ್ತಾರೆ. ಮೇಣವಿದ್ದೆಡೆ ಬಣ್ಣ ಹತ್ತದು. ಲೇಖನಿಗೆ ಎಳೆಗಳ ಹಂಗಿಲ್ಲ. ಆದರೂ ಉತ್ತಮವಾದ ಕೈಬರಹದ ಬಾಟಿಕ್ಕಿನಲ್ಲಿ ಒಳಮೈಗೂ ಮೇಣವೆಳೆಯುವುದುಂಟು. ಅಚ್ಚಿನ ನಕಲನ್ನು ಹಿಡಿಯಬೇಕಾದವರು ಅಲ್ಲಿಯೂ ಬಟ್ಟೆಯನ್ನು ಮಗುಚಿಯೇ ನೋಡುತ್ತಾರೆ. ೨೦೦೯ರಲ್ಲಿ ಯುನೆಸ್ಕೊ ಸಂಸ್ಥೆಯು ಇಂಡೋನೇಷ್ಯದ ಬಾಟಿಕ್ಕನ್ನು ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ನಮ್ಮ ಕಸೂತಿಗೂ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ.

ಆದರೆ ಮನ್ನಣೆಯು ಚಿತ್ತಾರಕ್ಕೆ ಮಾತ್ರವೇ ಸಂದರೆ ಪ್ರಯೋಜನವೇನು? ಚಿತ್ತಾರವನ್ನು ಯಂತ್ರವು ಗಳಿಗೆಯಲ್ಲಿ ಒತ್ತಬಲ್ಲದು. ಕುಮಾರಸಂಭವದ ಐದನೆಯ ಸರ್ಗದ ವಟುವು ಪಾರ್ವತಿಯ ಮುಂದೆ ಹಂಸದ ಗುರುತುಳ್ಳ ವಧುವಿನ ದುಕೂಲವನ್ನೂ ನೆತ್ತರು ತೊಟ್ಟಿಕ್ಕುವ ಆನೆಯ ತೊಗಲನ್ನೂ ಜತೆಗಿಟ್ಟು ಹಾಸ್ಯಮಾಡುತ್ತಾನೆ. ಆ ಹಂಸದ ಬೆಲೆಯೂ ಅದನ್ನು ಮೂಡಿಸಿದ ಕೈಯದೇ ಎಂದು ನಾನೀಗ ಓದಿಕೊಳ್ಳುತ್ತೇನೆ. ಕಣ್ಣು ನೋಯುವಷ್ಟು ಎಳೆಯೆಣಿಸುವ ಹೆಂಗಸಿಗೆ ಅಚ್ಚಿನ ಸೀರೆಯ ಕ್ರಯವನ್ನೇ ತೋರಿಸಿ ಚೌಕಾಸಿ ಮಾಡುವವರು ನಮ್ಮಂಥ ಓದಿದ ಮನೆಯವರೇ.

ಅಜ್ಜಿಯ ಸೆರಗಿನಲ್ಲಿ ಒಂದಾನೆಯ ಹಿಂಗಾಲು ಎರಡೆಳೆ ಗಿಡ್ಡವಾಗಿದೆ. ಒಳಮೈಯಲ್ಲಿಯೂ ಅಷ್ಟೇ ಗಿಡ್ಡ.