ಶಾಲು ಹೊದ್ದ ಕನ್ನಡ

'ನಮಗಿಂತ ನೀವೇ ಕನ್ನಡ ಉಳಿಸಿದ್ದೀರಿ ಮಾರಾಯ್ರೆ' ಅಂತ ಊರಿನಿಂದ ಮುಂಬಯಿಗೆ ಅತಿಥಿಗಳಾಗಿ ಬಂದವರು ನಮ್ಮ ಸಂಘಗಳ ವೇದಿಕೆಯಲ್ಲಿ ಹೇಳಿ ಹೋಗುತ್ತಾರೆ. ನಾವೂ ಚಪ್ಪಾಳೆ ತಟ್ಟುತ್ತೇವೆ. ಉಪನಗರದ ಒಂದು ಕನ್ನಡ ಸಂಘದ ಸಮಿತಿಯಲ್ಲಿ ಬಹಳ ವರ್ಷ ಇದ್ದು, ಕುರ್ಚಿ ಹಾಕಿಸಿ, ಚಂದಾ ಎತ್ತಿದವನು ನಾನು. ಆ ಹೊಗಳಿಕೆಯ ಬಗ್ಗೆ ನನಗೀಗ ಅನುಮಾನ ಹುಟ್ಟಿದೆ.

ಹಿರಿಯರು ಮಾಡಿದ್ದು ಸಣ್ಣ ಕೆಲಸವಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಮಾಟುಂಗದ ಮೈಸೂರು ಅಸೋಸಿಯೇಶನ್ 1926ರಲ್ಲಿ. ಬಂಟರ ಸಂಘ ಅದರ ಮರುವರ್ಷ. ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಧಾರವಾಡ-ಕಾರವಾರ ಮುಂಬಯಿ ಪ್ರಾಂತ್ಯಕ್ಕೆ, ಮೈಸೂರು ಮಹಾರಾಜರಿಗೆ. ಊರಿನಲ್ಲಿ ಬೇರೆ ಬೇರೆ ಸರಕಾರಗಳ ಕೆಳಗಿದ್ದವರು ಇಲ್ಲಿ ಒಂದೇ ಲೋಕಲ್ ಗಾಡಿಯಲ್ಲಿ ನಿಂತು, 1956ಕ್ಕೆ ಎಷ್ಟೋ ಮೊದಲೇ, ತಾವೆಲ್ಲ ಕನ್ನಡಿಗರು ಎಂದುಕೊಂಡರು.

ಇದಕ್ಕಿಂತಲೂ ದೊಡ್ಡದು ಫೋರ್ಟಿನ ಕನ್ನಡ ರಾತ್ರಿಶಾಲೆಗಳು. ಹಗಲಿಡೀ ಉಡುಪಿ ಹೋಟೆಲುಗಳಲ್ಲಿ ಟೇಬಲ್ ಒರೆಸಿದ ಹುಡುಗರು ರಾತ್ರಿ ಪುಸ್ತಕ ಹಿಡಿದು ಕೂತರು. ಅವರಿಗೆ ಕನ್ನಡ ಅಂದರೆ ಮೇಲೆ ಹತ್ತಲಿಕ್ಕೆ ಸಿಕ್ಕ ಏಣಿ. ಹಾಗೆ ಓದಿದವರು ಇದ್ದುದರಿಂದಲೇ ಈ ಊರಲ್ಲಿ ಕನ್ನಡ ಪುಸ್ತಕಕ್ಕೆ, ಪೇಪರಿಗೆ ಓದುಗರಿದ್ದರು. ಯಶವಂತ ಚಿತ್ತಾಲರು ಇಲ್ಲಿದ್ದುಕೊಂಡೇ, ಇಲ್ಲಿನ ಕಂಪೆನಿಗಳ ಲೋಕವನ್ನೇ ಹಿಡಿದು 1979ರಲ್ಲಿ 'ಶಿಕಾರಿ' ಕೊಟ್ಟರು.

ಈಗ? ನಮ್ಮ ಸಂಘದ ಕಳೆದ ವಾರ್ಷಿಕೋತ್ಸವದಲ್ಲಿ ಹನ್ನೊಂದು ಶಾಲು ಹೊದಿಸಿದೆವು. ಮಕ್ಕಳಿಗೆ ಕೊಟ್ಟದ್ದು ಇಪ್ಪತ್ತು ನಿಮಿಷ. ನನ್ನ ಮೊಮ್ಮಗಳು ಉಳ್ಳಾಲದ ರಾಣಿ ಅಬ್ಬಕ್ಕನ ವೇಷ ಹಾಕಿದ್ದಳು. ಮಾತುಗಳನ್ನೆಲ್ಲ ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದಳು. 'ಅಜ್ಜಾ, ನಮ್ಮ ಳ ಮರಾಠಿಯಲ್ಲೂ ಉಂಟು' ಅಂತ ಅವಳಿಗೆ ಖುಷಿ. ಆದರೆ ಆ ಲಿಪಿಯಲ್ಲಿ ಒಕಾರಕ್ಕೆ ಹ್ರಸ್ವ ಇಲ್ಲವಲ್ಲ! ಪೋರ್ಚುಗೀಸರ ಎದುರು ಕತ್ತಿ ಎತ್ತಿ 'ಕಪ್ಪ ಕೋಡುವುದಿಲ್ಲ' ಅಂದಳು. ಸಭೆ ನಕ್ಕಿತು, ಚಪ್ಪಾಳೆ ಹೊಡೆಯಿತು. ಮುಖ್ಯ ಅತಿಥಿಗಳು ಎದ್ದು ಅದೇ ಹಳೆಯ ಮಾತು ಹೇಳಿದರು.

ನನಗೆ ನಗು ಬರಲಿಲ್ಲ. ತಪ್ಪು ಮಗುವಿನದ್ದಲ್ಲ. ಅವಳಿಗೆ ಅಕ್ಷರ ಕಲಿಸಬಹುದಾಗಿದ್ದ ಭಾನುವಾರಗಳನ್ನೆಲ್ಲ ನಾನು ಕನ್ನಡ ಉಳಿಸುವ ಸಮಿತಿಯ ಮೀಟಿಂಗಿನಲ್ಲಿ ಕಳೆದಿದ್ದೆ. ಸನ್ಮಾನ ಯಾರಿಗೆ, ಆಮಂತ್ರಣದಲ್ಲಿ ಯಾರ ಹೆಸರು ಮೇಲೆ — ಇದರಲ್ಲೇ ಗಂಟೆಗಳು ಹೋದವು. ಆ ಆಮಂತ್ರಣ ಕನ್ನಡದಲ್ಲೇ ಅಚ್ಚಾಗಿತ್ತು, ನಿಜ. ವೇಷ ಹಾಕಿದ ಒಂದು ಮಗುವಿಗೂ ಅದನ್ನು ಓದಲಿಕ್ಕೆ ಬರುತ್ತಿರಲಿಲ್ಲ.

ಉತ್ಸವ ಬೇಡ ಅಂತ ನಾನು ಹೇಳುವುದಿಲ್ಲ. ಯಕ್ಷಗಾನ, ನಾಟಕ, ಒಂದು ಊಟ — ಪರವೂರಲ್ಲಿ ಜನ ಸೇರಲಿಕ್ಕೆ ಇವು ಬೇಕು. ಆದರೆ ಸಂಘ ಕಟ್ಟಿದವರು ರಾತ್ರಿಶಾಲೆಯನ್ನೂ ನಡೆಸಿದರು. ನಾವು ವೇದಿಕೆಯನ್ನು ಮಾತ್ರ ಇಟ್ಟುಕೊಂಡೆವು.

ಊರಿನ ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ಅತಿಥಿಗಳಾಗಿ ಬಂದಾಗ ದಯವಿಟ್ಟು ನಮ್ಮನ್ನು ಹೊಗಳಬೇಡಿ. ಎದುರು ಸಾಲಿನ ಒಂದು ಮಗುವನ್ನು ಕರೆದು ಆಮಂತ್ರಣ ಓದಿಸಿ. ನಮಗೆ ನಾಚಿಕೆಯಾಗಲಿ. ಶಾಲಿಗೆ ಇಡುವ ದುಡ್ಡು ಮುಂದಿನ ವರ್ಷ ಸ್ಲೇಟಿಗೆ ಹೋದರೂ ಹೋದೀತು.